ತೂಬಿನ ವೀಳ್ಯ

ಕುರಕುಂಟಾದ ಆಚೆಯ ಒಂದು ಊರಿನ ಕೆರೆತೂಬು ಯಾರ ಕಾಲದ್ದೋ ಯಾರಿಗೂ ಗೊತ್ತಿರಲಿಲ್ಲ. ನಿಜಾಮರಿಗಿಂತ ಹಳೆಯದು ಎಂದು ಮುದುಕರು ಹೇಳುತ್ತಿದ್ದರು. ಮುದುಕರಿಗೆ ಹೇಳುವುದು ಬಿಟ್ಟು ಬೇರೇನು ಕೆಲಸ? ಗೊತ್ತಿದ್ದದ್ದು ಒಂದೇ: ಅದನ್ನು ತೆರೆಯುವ ವಿದ್ಯೆ ಜಟ್ಟೆಪ್ಪನ ಮನೆಯದು. ನೀರಿನಡಿ ಮುಳುಗಿ, ತೂಬಿನ ಕಟ್ಟಿಗೆಯ ಬಿರಟೆಯನ್ನು ನೇರವಾಗಿ ಎಳೆದವನ ಕೈಯನ್ನು ನೀರು ಒಳಗೇ ಎಳೆದುಕೊಳ್ಳುತ್ತಿತ್ತು. ಎತ್ತುವ ಗುಟ್ಟನ್ನು ಅಪ್ಪ ಮಗನ ಕಿವಿಯಲ್ಲಷ್ಟೇ ಹೇಳುತ್ತಿದ್ದ. ಊರು ಅದಕ್ಕೆ ವೀಳ್ಯ ಕೊಟ್ಟು ಮರ್ಯಾದೆ ಮಾಡುತ್ತಿತ್ತು. ವೀಳ್ಯ ಹಿಡಿದವನು ಕೆರೆಯಲ್ಲಿ ನೀರಿರುವತನಕ ಊರಿನ ಸೀಮೆ ದಾಟುವಂತಿರಲಿಲ್ಲ. ಹಾಳಾದ ಕೆರೆ, ಬತ್ತಿದ ನೆನಪೇ ಯಾರಿಗೂ ಇರಲಿಲ್ಲ.

ಜಟ್ಟೆಪ್ಪ ಸತ್ತ ಮೇಲೆ ವೀಳ್ಯ ಮಗ ಮಾಣಿಕಪ್ಪನ ಕೈಗೆ ಬಂತು. ನಿಜಾಮರ ಆಳ್ವಿಕೆ ಹೋಯಿತು, ಓಟು ಬಂತು. ಅವನು ಮಾತ್ರ ಕೆರೆಯ ಏರಿ ಬಿಟ್ಟು ಅಲುಗಲಿಲ್ಲ. ಈಗ ರೈಲು ಜಂಕ್ಷನ್ ವಾಡಿಯಿಂದ ಗೆಳೆಯ ಗನಿಸಾಬ ಹೇಳಿಕಳಿಸಿದ್ದ: ರೈಲಿನಲ್ಲಿ ಖಲಾಸಿ ಕೆಲಸ ಖಾಲಿ ಇದೆ, ಸೋಮವಾರದೊಳಗೆ ಬಾ. ಅದನ್ನು ಕೇಳಿದ ಮೇಲೆ ಮಾಣಿಕಪ್ಪನಿಗೆ ನೀರಿನ ಹೊರಗೂ ಉಸಿರು ಕಟ್ಟತೊಡಗಿತು.

"ವೀಳ್ಯ ವಾಪಸ್ ತಗೋರಿ, ಗೌಡ್ರ," ಎಂದು ಊರಗೌಡ ಅಮೃತಪ್ಪನ ಕಾಲಿಗೆ ಬಿದ್ದ.

"ಬ್ಯಾರೆ ಯಾರಿಗರ ಆ ಕೆಲಸ ಬರಬೇಕಲ್ಲೋ?"

"ನಾ ಕಲಸ್ತೀನ್ರಿ. ಎಲ್ಲಾರ ಮುಂದ ಹೇಳ್ತೀನಿ."

ಭತ್ತಕ್ಕೆ ನೀರು ಬಿಡುವ ದಿನ ಊರೆಲ್ಲ ಏರಿಯ ಮೇಲೆ ಸೇರಿತು. ಮಾಣಿಕಪ್ಪ ಬಾಯಿ ತೆರೆದನೋ ಇಲ್ಲವೋ, ಈಜಿನಲ್ಲಿ ಎಲ್ಲರನ್ನೂ ಮೀರಿಸುವ ಸಾಯಬಣ್ಣ ಎರಡೂ ಕಿವಿ ಮುಚ್ಚಿಕೊಂಡ.

"ಬ್ಯಾಡಪ್ಪೋ! ಕೇಳಿದ್ರ ನಾಳಿಂದ ನಾನೇ ಇಲ್ಲಿ ಸಿಗಬೀಳ್ತೀನಿ!"

ಉಳಿದವರಿಗೂ ತಟ್ಟನೆ ಮನೆಗೆಲಸ ನೆನಪಾಯಿತು; ಎಲ್ಲ ಏರಿಯ ತುದಿಗೆ ಸರಿದರು. ಅಜ್ಜ ಮುತ್ತಜ್ಜಂದಿರು ಜೀವದಂತೆ ಕಾಯ್ದ ಗುಟ್ಟು, ಪುಕ್ಕಟೆ ಕೊಟ್ಟರೂ ಕೊಳ್ಳುವವರಿಲ್ಲ. ಮಾಣಿಕಪ್ಪ ಅಲ್ಲೇ ಕುಸಿದು ಕುಳಿತು ಅತ್ತುಬಿಟ್ಟ.

ಆಗ ಅವನ ಅಕ್ಕ ಹಣಮಮ್ಮ ಸೀರೆಯ ಕಚ್ಚೆ ಬಿಗಿದಳು. ಗಂಡ ಸತ್ತು ತವರಿಗೆ ಬಂದವಳು, ಯಾರ ಲೆಕ್ಕಕ್ಕೂ ಇಲ್ಲದವಳು. ಬಗ್ಗಿ ತಮ್ಮನ ಕಿವಿಯಲ್ಲಿ ಹೇಳಿದಳು:

"ಬಿರಟಿ ಎಡಕ್ಕ ತಿರುವಿ, ತೂಬಿನ ಗ್ವಾಡಿಗಿ ಬೆನ್ನ ಹಚ್ಚಿ ಎತ್ತಬೇಕು. ಹೌದಿಲ್ಲೋ? ಅಪ್ಪ ನಿನಗ ಹೇಳಾಕತ್ತಾಗ ನಾ ಅಲ್ಲೇ ರೊಟ್ಟಿ ಬಡೀಲಿಕತ್ತಿದ್ದೆ."

ಮಾಣಿಕಪ್ಪ ಹೌದೆಂದು ತಲೆಯಾಡಿಸಿದ. ಹೆಣ್ಣುಮಗಳೆಂದು ಗೌಡ ಹಿಂದೆಮುಂದೆ ನೋಡಿದ. ಆಮೇಲೆ ಒಣಗುತ್ತಿದ್ದ ಭತ್ತವನ್ನು ನೋಡಿದ, "ಮುಳುಗವ್ವಾ" ಎಂದ.

ಅವಳು ಮುಳುಗಿದಾಗ ಮಾಣಿಕಪ್ಪನೂ ಉಸಿರು ಹಿಡಿದ. ಅವನ ಎದೆ ಒಡೆಯುವಂತಾದರೂ ಅವಳು ಮೇಲೆ ಬರಲಿಲ್ಲ. ಕಡೆಗೆ ಕಾಲುವೆಯಲ್ಲಿ ನೀರು ಭೋರೆಂದು ನುಗ್ಗಿತು. ಹಣಮಮ್ಮನ ತಲೆ ಮೇಲೆದ್ದಿತು. ಜನ ಕೇಕೆ ಹಾಕಿದರು. ಮಾಣಿಕಪ್ಪ ಎಲ್ಲರಿಗಿಂತ ಜೋರಾಗಿ ಹಾಕಿದ.

ಗೌಡ ಅವಳ ಒದ್ದೆ ಕೈಯಲ್ಲಿ ವೀಳ್ಯ ಇಟ್ಟ. ಅವಳು ಎಲೆಯನ್ನು ನೋಡಿದಳು, ಊರ ಸೀಮೆಯಾಚೆ ಸೇಡಂ ಕಡೆಗೆ ಹೋಗುವ ದಾರಿಯನ್ನು ನೋಡಿದಳು. ಮಾಣಿಕಪ್ಪ ಕೇಕೆ ನಿಲ್ಲಿಸಿ ಅವಳ ಬಳಿ ಬಂದ.

"ಅಕ್ಕಾ, ನಿನಗೂ ಎಲ್ಲಿಗರ ಹೋಗಬೇಕಂತ ಇತ್ತೇನು?"

ಹಣಮಮ್ಮ ಸೆರಗು ಹಿಂಡಿಕೊಂಡಳು.

"ತಮ್ಮಾ, ವಾಡಿಯೊಳಗ ಎಲ್ಲಾರಿಗೂ ಬರೋ ಕೆಲಸಾನೇ ಕಲಿ. ನಿನಗೊಬ್ಬಂಗೇ ಬರೋದು ಯಾವದೂ ಕಲೀಬ್ಯಾಡ."