ತಮ್ಮನ ಮುಷ್ಟಿ

ಅಣ್ಣನಿಗೆ ಲಕ್ವಾ ಹೊಡೆದು ಬಲಗೈ ಬಿದ್ದುಹೋದ ಮೇಲೆ ಬೇಕರಿಯ ಅಷ್ಟೂ ಕೆಲಸ ತಮ್ಮನ ತಲೆಗೇ ಬಂದಿತ್ತು. ನಾದುವವನೂ ಅವನೇ, ಬೇಯಿಸುವವನೂ ಅವನೇ, ಮಾರುವವನೂ ಅವನೇ. ಸಂಜೆಯಾದರೆ ಸೊಂಟ ಕಳಚಿ ಕೈಗೆ ಬಂದಂತಾಗುತ್ತಿತ್ತು.

ಅಂಗಡಿಯ ಹಿಂದಿನ ಕೋಣೆಯಲ್ಲಿ, ಬಿಪಿ ನೋಡಲು ಬಂದಿದ್ದ ನರ್ಸಮ್ಮ ಅಣ್ಣನ ತೋಳಿಗೆ ಸುತ್ತಿದ್ದ ಪಟ್ಟಿ ಬಿಚ್ಚುತ್ತಾ ಮುಖ ಸಿಂಡರಿಸಿದಳು.

"ಬಿಪಿ ಇಳಿದೇ ಇಲ್ಲ. ಹಿಂಗಾದ್ರೆ ಇನ್ನೊಂದು ಸಲ ಹೊಡೆಯುತ್ತೆ. ಉಪ್ಪು ಬಿಡಿಸಿ ಅಂತ ಎಷ್ಟು ಬಡ್ಕೊಂಡೆ!"

"ನನ್ನ ಯಾಕೆ ನೋಡ್ತೀರಿ?" ಅತ್ತಿಗೆ ಸಿಡುಕಿದಳು. "ಅಡುಗೆಗೆ ಚಿಟಿಕೆಯೂ ಹಾಕಲ್ಲ. ಸಪ್ಪೆ ಅಂತ ತಟ್ಟೆ ದೂಡಿ ಬರೀ ಬ್ರೆಡ್ ತಿಂತಾರೆ."

"ಬ್ರೆಡ್ಡಿಗೆ ಎಷ್ಟು ಹಾಕ್ತೀರಿ?" ನರ್ಸಮ್ಮ ತಮ್ಮನತ್ತ ತಿರುಗಿದಳು.

"ಹಿಟ್ಟಿನ ಕುಪ್ಪೆಗೊಂದು ಮುಷ್ಟಿ. ಅಣ್ಣ ಹಾಕ್ತಿದ್ದಷ್ಟೇ," ಎಂದ ತಮ್ಮ.

ಬೇಕರಿಯಲ್ಲಿ ಹಿಟ್ಟು, ಈಸ್ಟು ತಕ್ಕಡಿಗೆ ಹೋಗುತ್ತಿದ್ದವು. ಉಪ್ಪು ಮಾತ್ರ ಅಪ್ಪನ ಕಾಲದಿಂದಲೂ ಕೈಯಳತೆ.

ಅಣ್ಣ ಸೊಟ್ಟ ಬಾಯಲ್ಲೇ ನಕ್ಕ. "ಲೋ, ನಿನ್ನ ಕೈ ನೋಡ್ಕೊಳ್ಳೋ. ಮೊರ ಇದ್ದಂಗಿದೆ!"

ಯಾರೂ ನಗಲಿಲ್ಲ. ತಮ್ಮ ಎದ್ದು ತಕ್ಕಡಿ ತಂದ. ತನ್ನ ಮುಷ್ಟಿಯ ಉಪ್ಪು ತೂಗಿದ. ಅಣ್ಣನ ಎಡಗೈಗೆ ಉಪ್ಪು ತುಂಬಿಸಿ ಅದನ್ನೂ ತೂಗಿದ. ಅಣ್ಣನದು ತನ್ನದರ ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೇ. ಇಷ್ಟು ದಿನ ಇವನ ಬಾಯಿಗೆ ನಾನೇ ಸುರಿದೆನಲ್ಲ ಎಂದುಕೊಂಡ.

"ಅಣ್ಣನ ಮುಷ್ಟಿಯೂ ಜಾಸ್ತಿನೇ. ಇನ್ನೂ ಇಳಿಸಿ," ಎಂದಳು ನರ್ಸಮ್ಮ.

"ಇವರಿಗೊಂದು ಬೇರೆ ಬೇಯಿಸಿಬಿಡು. ಗಿರಾಕಿಗಳನ್ನ ಯಾಕೆ ಓಡಿಸ್ತೀಯಾ?" ಎಂದಳು ಅತ್ತಿಗೆ.

"ಗಿರಾಕಿಗಳ ನರ ಏನು ಕಬ್ಬಿಣದ್ದಾ ಅತ್ತಿಗೆ? ಆ ಲಾರಿಯವರು ಮೂರು ಹೊತ್ತೂ ಇದನ್ನೇ ತಿಂತಾರೆ."

ಮರುದಿನ ತಮ್ಮ ಉಪ್ಪನ್ನೂ ತೂಗಿ, ಅಣ್ಣನ ಮುಷ್ಟಿಗಿಂತ ಕಡಿಮೆಯೇ ಹಾಕಿದ. ಈಸ್ಟನ್ನು ಹಿಡಿದಿಡುವ ಉಪ್ಪು ಕಡಿಮೆಯಾಗಿ ಹಿಟ್ಟು ಗಡಿಬಿಡಿಯಲ್ಲಿ ಉಬ್ಬಿ, ಒಲೆಗೆ ಹೋಗುವ ಮೊದಲೇ ಕುಸಿದು ಕೂತಿತು. ಒಂದು ಕುಪ್ಪೆ ಹಿಟ್ಟು ಪೂರಾ ತಿಪ್ಪೆಗೆ. ಬೈದುಕೊಂಡು ಈಸ್ಟನ್ನೂ ಇಳಿಸಿ ಮತ್ತೆ ನಾದಿದ. ಈ ಸಲ ಬ್ರೆಡ್ ನೆಟ್ಟಗೆ ಎದ್ದಿತು.

"ಏನಯ್ಯಾ, ಉಪ್ಪಿನ ಡಬ್ಬ ಕಳ್ಕೊಂಡ್ಯಾ?" ಎಂದ ಕೌಂಟರಿನಲ್ಲೇ ತುಂಡು ಮುರಿದು ತಿಂದ ಲಾರಿಯವನು.

"ಹೂಂ. ಹುಡುಕೋದೂ ಇಲ್ಲ."

ಅವನು ಗೊಣಗುತ್ತಾ ಎದುರಿನ ಅಂಗಡಿಗೆ ದಾಟಿಕೊಂಡ.

ಮಧ್ಯಾಹ್ನ ಅಣ್ಣ ಮೊದಲ ತುತ್ತನ್ನೇ ಉಗಿದ. "ಥೂ! ಹತ್ತಿ ತಿಂದಂಗಿದೆ. ಅಪ್ಪನ ಹೆಸರಿಗೆ ಮಣ್ಣು ಹಾಕ್ತಿದ್ದೀಯಾ."

ತಮ್ಮನಿಗೆ ರೇಗಿತು. "ನೀನು ಇನ್ನೊಂದು ಸಲ ಬಿದ್ರೆ ಎತ್ತೋಕೆ ನನ್ನ ಕೈಲಾಗಲ್ಲ ಕಣೋ! ಸಾಕಾಗಿದೆ ನಂಗೆ!" ಎಂದು ಕಿರುಚಿದ.

ಅಣ್ಣ ಎಡಗೈ ಚಾಚಿ ಚೂರು ತೆಗೆದುಕೊಂಡು, ಕಷಾಯ ಕುಡಿಯುವವನಂತೆ ಮುಖ ಮಾಡಿಕೊಂಡು ಅಗಿಯತೊಡಗಿದ.

"ನಾಳೆನೂ ಇದೇನಾ?"

"ಇದೇ. ತಿನ್ನು."

ಹೊರಗೆ ಯಾರೋ ಬ್ರೆಡ್ ಕೇಳಿದರು. ತಮ್ಮ ಗೋಡೆಗೆ ಕೈಯೂರಿ ಎದ್ದ.