ಸಾಬೂನು ಗುಳ್ಳೆಯ ಪೈಪು

ಆ ಗುರುವಾರ ಸಂಜೆ ನಮ್ಮ ಬೆಕ್ಕು ಟಿಬಿ ನನ್ನ ತೊಡೆಯ ಮೇಲೆ ಬಂದು ಮಲಗಿತು. ಬೇರೆಯವರ ಮನೆಯಲ್ಲಾದರೆ ಇದೊಂದು ಸುದ್ದಿಯೇ ಅಲ್ಲ. ಆದರೆ ಗುರುವಾರ ಎಂದರೆ ನಾನು ಕಾರ್ಖಾನೆಯಲ್ಲಿ ಪೈಪಿಗೆ ತುಂಬುವ ಚಕ್ಕೆ ಕತ್ತರಿಸುವ ದಿನ. ಒತ್ತಿ ಗಟ್ಟಿ ಮಾಡಿದ ಹೊಗೆಸೊಪ್ಪನ್ನು ಬೆಳಗಿನಿಂದ ಸಂಜೆಯವರೆಗೆ ಕತ್ತಿಯ ಕೆಳಗೆ ತಳ್ಳುತ್ತಾ, ಬೀಳುವ ತೆಳ್ಳನೆ ಚಕ್ಕೆಗಳನ್ನು ಡಬ್ಬಿಗೆ ಜೋಡಿಸಿ ಬಂದ ಕೈಗಳಿಗೆ, ಸೊಪ್ಪಿಗೆ ಪರಿಮಳಕ್ಕೆಂದು ಹಾಕುವ ಟಾಂಕಾ ಬೀಜದ ವಾಸನೆ ಹತ್ತಿರುತ್ತದೆ. ಒಣಹುಲ್ಲಿಗೆ ಬಾದಾಮಿ ಅರೆದು ಹಾಕಿದಂಥ ವಾಸನೆ. ಸಾಬೂನು ಹಾಕಿ ಉಜ್ಜಿದರೂ ಅದು ಶುಕ್ರವಾರದವರೆಗೆ ಹೋಗುವುದಿಲ್ಲ. ಟಿಬಿಗೆ ಅದನ್ನು ಕಂಡರಾಗದು. ಗುರುವಾರ ನನ್ನ ಕೈ ಮೂಸಿ, ಒಂದು ಸಲ ಸೀನಿ, ಬಾಲ ಎತ್ತಿಕೊಂಡು ಕಿಟಕಿಗೆ ಹೋಗಿಬಿಡುತ್ತದೆ. ಹತ್ತೊಂಬತ್ತು ವರ್ಷದಲ್ಲಿ ಮೂರು ಬೆಕ್ಕು ಸಾಕಿದ್ದೇನೆ, ಮೂರೂ ಹಾಗೆಯೇ.

ಅಂಥದ್ದರಲ್ಲಿ ಅದು ಗುರ್‌ಗುರ್ ಎನ್ನುತ್ತಾ ಮಲಗಿತ್ತು. ನಾನು ಕೈ ಮೂಸಿ ನೋಡಿಕೊಂಡೆ. ಸೊಪ್ಪಿನ ವಾಸನೆ ಇತ್ತು, ಬೀಜದ್ದು ಇರಲಿಲ್ಲ. ನನಗೇ ನೆಗಡಿ ಹಿಡಿದಿರಬೇಕು ಎಂದುಕೊಂಡೆ. ನೆಗಡಿ ಹಿಡಿದದ್ದು ನನಗಾದರೆ ಬೆಕ್ಕು ಯಾಕೆ ಸೀನಲಿಲ್ಲ ಎಂದು ಕೇಳಿಕೊಳ್ಳುವಷ್ಟು ಬುದ್ಧಿ ಅವತ್ತು ನನಗೆ ಇರಲಿಲ್ಲ. ಅಥವಾ ಕೇಳಿಕೊಳ್ಳಲು ಧೈರ್ಯ ಇರಲಿಲ್ಲ. ಯಾಕೆಂದರೆ ಅವತ್ತು ನಾನು ಕತ್ತರಿಸಿದ ಹೊಗೆಸೊಪ್ಪಿನ ಗಟ್ಟಿ ನನ್ನ ತಮ್ಮ ಕ್ಲೆಮ್ ಒತ್ತಿದ ಮೊದಲನೆಯ ಗಟ್ಟಿ.

ಕೆಂಡಾಲ್ ಊರಿನ ಹೊಳೆಯ ದಂಡೆಯಲ್ಲಿರುವ ನಮ್ಮ ಕಾರ್ಖಾನೆಯಲ್ಲಿ ಅದುವರೆಗೆ ಗಟ್ಟಿ ಒತ್ತುತ್ತಿದ್ದವರು ಐಸಾಕ್ ಮೌನ್ಸಿ. ನಲವತ್ತನಾಲ್ಕು ವರ್ಷ ಒತ್ತಿದರು. ಎಲೆಯ ದಂಟು ಬಿಡಿಸಿ, ಪದರು ಪದರಾಗಿ ಹಾಸಿ, ಒತ್ತುಯಂತ್ರದ ತಿರುಪು ಬಿಗಿಸಿ, ಐದು ಗಂಟೆ ಹಬೆಯಲ್ಲಿ ಬೇಯಿಸಿ, ತಿರುಪು ಸಡಿಲಿಸದೆ ಆರಲು ಬಿಡಬೇಕು. ಆ ತಿರುಪು ತಿರುಗಿಸಿ ತಿರುಗಿಸಿ ಅವರ ಬಲಭುಜ ಕೊನೆಗೆ ಕೈಕೊಟ್ಟಿತು. ಜಾಗಕ್ಕೆ ಲಿವರ್‌ಪೂಲಿನವನೊಬ್ಬ ಅರ್ಜಿ ಹಾಕಿದ್ದ, ಬಾಡಿಗೆ ಮನೆಯನ್ನೂ ನೋಡಿಕೊಂಡು ಹೋಗಿದ್ದ. ಕಾರ್ಖಾನೆಯ ಒಡತಿ ಮಿಸ್ ಫಾದರ್‌ಗಿಲ್ ಮಾತ್ರ, "ಮೊದಲು ಕ್ಲೆಮ್ ಒಂದು ಗಟ್ಟಿ ಒತ್ತಲಿ. ಮೂರು ಜನ ಸೇದಿ ನೋಡಿ ಒಪ್ಪಿದರೆ ಜಾಗ ಅವನದು" ಎಂದಿದ್ದರು. ಒಪ್ಪದಿದ್ದರೆ ಅವನು ಅಂಗಳದಲ್ಲಿ ಮೂಟೆ ಹೊರುವುದಕ್ಕೆ. ನಲವತ್ತೊಂದು ವಯಸ್ಸು. ಇಪ್ಪತ್ತಾರು ವರ್ಷ ಐಸಾಕ್ ಪಕ್ಕದಲ್ಲೇ ಕೆಲಸ ಮಾಡಿದವನು. ಆ ಕೆಲಸ ಬಿಟ್ಟು ಅವನಿಗೆ ಬೇರೆ ಆಸೆ ಇದ್ದದ್ದನ್ನು ನಾನು ಕಾಣೆ.

ಶನಿವಾರ ರುಚಿ ನೋಡುವ ದಿನ. ಉತ್ತರದ ಕಿಟಕಿ ಇರುವ ಮಾದರಿ ಕೋಣೆಯಲ್ಲಿ ಮೂರು ಕುರ್ಚಿ, ಮೂರು ಬಿಳಿ ಸಾಸರು. ಒಂದರಲ್ಲಿ ಐಸಾಕ್. ಇನ್ನೊಂದರಲ್ಲಿ ಪರ್ಸಿ ಐರಿ, ನಿವೃತ್ತ ಅಂಚೆಯವ, ಐವತ್ತು ವರ್ಷದಿಂದ ನಮ್ಮ ಚಕ್ಕೆ ಬಿಟ್ಟು ಬೇರೆ ಮುಟ್ಟದವನು. ಮೂರನೆಯವನು ಲ್ಯಾನ್ಸ್ ಟೈಸನ್, ಕುರಿಸಂತೆಯಲ್ಲಿ ಹರಾಜು ಕೂಗುವವನು. ನಾನು ಚಹಾ ಕೊಡುವ ನೆಪದಲ್ಲಿ ಒಳಗೆ ಸೇರಿಕೊಂಡಿದ್ದೆ.

ನಮ್ಮಲ್ಲಿ ಒಂದು ಕಟ್ಟಳೆ. ಕಡ್ಡಿ ಗೀರಿದ ಹೊತ್ತಿನಿಂದ ಬೂದಿ ಕೊಡವುವ ತನಕ ಯಾರೂ ತುಟಿ ಎರಡು ಮಾಡಬಾರದು. ಒಬ್ಬನ ಮಾತು ಇನ್ನೊಬ್ಬನ ನಾಲಿಗೆ ಕೆಡಿಸುತ್ತದೆ ಅಂತ. ಆಮೇಲೆ ಚಿಕ್ಕವನು ಮೊದಲು ತೀರ್ಪು ಹೇಳಬೇಕು, ಹಿರಿಯ ಕೊನೆಗೆ.

"ಲ್ಯಾನ್ಸ್, ಒಂದು ಗಂಟೆ ಬಾಯಿ ಮುಚ್ಕೊಂಡಿರ್ತೀಯಾ, ಇಲ್ಲ ಈಗ್ಲೇ ಮನೆಗೆ ಹೋಗ್ತೀಯಾ?" ಎಂದ ಪರ್ಸಿ.

"ಹೋದ್ಸಲ ಇದ್ನಲ್ಲಯ್ಯ!"

"ಹೋದ್ಸಲ ನಿಂಗೆ ಗಂಟಲು ಕಟ್ಟಿತ್ತು."

ಐಸಾಕ್ ನಗಲಿಲ್ಲ. ಒಂದು ಚಕ್ಕೆಯನ್ನು ಎರಡು ಬೆರಳಲ್ಲಿ ಎತ್ತಿ ಕಿಟಕಿಗೆ ಹಿಡಿದರು. ಒಳ್ಳೆಯ ಚಕ್ಕೆಯಲ್ಲಿ ಕೊಯ್ದ ಮರದ ಹಲಗೆಯ ಹಾಗೆ ಗೆರೆ ಕಾಣಬೇಕು, ಕಂಡಿತು. ತೋರುಬೆರಳಿಗೆ ಸುತ್ತಿದರು. ಬಿರಿಯಲಿಲ್ಲ, ಅಂಟಲೂ ಇಲ್ಲ. ಮೂಗಿಗೆ ಹಿಡಿಯಹೋದರು. ಅಷ್ಟರಲ್ಲಿ ಮಿಸ್ ಫಾದರ್‌ಗಿಲ್, "ಎಫಿ, ಬೆಂಕಿಪೊಟ್ಟಣ ತರೋಕೆ ಮರೆತಿದ್ದೀವಿ, ನೋಡಮ್ಮ" ಎಂದರು.

ಪೊಟ್ಟಣ ಇರುವುದು ಪಕ್ಕದ ಒತ್ತುವ ಕೋಣೆಯ ಬೀರುವಿನಲ್ಲಿ. ಬಾಗಿಲು ತೆಗೆದೆ. ಮೇಲಿನ ಖಾನೆಯಲ್ಲಿ ಬೀಜ ನೆನೆಸಿಟ್ಟ ನೀರಿನ ಸೀಸೆ ಇತ್ತು. ಐಸಾಕ್ ಕೆಲಸ ಬಿಡುವಾಗ ತಾವೇ ತುಂಬಿ, ಬಿರಡೆಯ ಮೇಲೆ ಕೆಂಪು ಅರಗು ಹಾಕಿ ಕ್ಲೆಮ್‌ಗೆ ಕೊಟ್ಟದ್ದು. ಕತ್ತಿನವರೆಗೆ ತುಂಬಿತ್ತು. ಅರಗು ಒಡೆದಿರಲಿಲ್ಲ.

ನಾನು ವಾಪಸು ಬರುವಷ್ಟರಲ್ಲಿ ಲ್ಯಾನ್ಸ್ ಜೇಬಿನಲ್ಲೇ ಕಡ್ಡಿ ಸಿಕ್ಕಿ ಮೂವರೂ ಹಚ್ಚಿಕೊಂಡಾಗಿತ್ತು. ಕೋಣೆ ನಿಶ್ಶಬ್ದ. ಬಾಗಿಲ ಬಳಿ ನಿಂತಿದ್ದ ಕ್ಲೆಮ್‌ನ ತೋಳು ಹಿಡಿದು ಒತ್ತುವ ಕೋಣೆಗೆ ಎಳೆದುಕೊಂಡು ಹೋದೆ.

"ಇದ್ಯಾಕೋ ತುಂಬಿದೆ?"

ಅವನು ಸೀಸೆ ನೋಡಿದ. ನನ್ನನ್ನು ನೋಡಿದ. ಮತ್ತೆ ಸೀಸೆ ನೋಡಿದ.

"ಸೈರನ್ ಆಯ್ತು," ಎಂದ.

"ಯಾವ ಸೈರನ್? ಇವತ್ತು ಶನಿವಾರ."

"ಅವತ್ತು ಕಣೇ. ಎಲೆ ಹಾಸಿದ್ದೆ. ಹನ್ನೆರಡರ ಸೈರನ್ ಆಯ್ತು. ಕೋಟು ಹಾಕ್ಕೊಂಡು ಊಟಕ್ಕೆ ಹೋದೆ."

ನನಗೆ ಹೇಳಬೇಕಾಗಿರಲಿಲ್ಲ. ನಮ್ಮ ಕಾರ್ಖಾನೆಯಲ್ಲಿ ಬೀಜದ ನೀರು ಚಿಮುಕಿಸುವುದು ಊಟದ ಹೊತ್ತಿನಲ್ಲೇ. ಗುಟ್ಟು ಅದು. ಸೈರನ್ ಆಗುತ್ತಲೂ ಎಲ್ಲರೂ ಹೊರಗೆ, ಐಸಾಕ್ ಒಳಗಿನಿಂದ ಅಗಳಿ ಹಾಕಿಕೊಳ್ಳುತ್ತಿದ್ದರು. ಒಂದು ಗಂಟೆಗೆ ಬಾಗಿಲು ತೆರೆಯುವ ಹೊತ್ತಿಗೆ ಪದರುಗಳ ಮೇಲೆ ಹಲಗೆ ಮುಚ್ಚಿರುತ್ತಿತ್ತು. ಎಷ್ಟು ಬೀಜ, ಎಷ್ಟು ದಿನ ನೆನೆಸುವುದು, ಯಾವ ಪದರಿಗೆ ಎಷ್ಟು, ಎಲ್ಲ ಕ್ಲೆಮ್‌ಗೆ ಈಸ್ಟರ್ ಹೊತ್ತಿಗೇ ಹೇಳಿಕೊಟ್ಟಿದ್ದರು. ಅವನು ಬಾಯಿಪಾಠ ಮಾಡಿದ್ದ. ಆದರೆ ಇಪ್ಪತ್ತಾರು ವರ್ಷ ಸೈರನ್ ಕೇಳಿದಾಗೆಲ್ಲ ಹೊಳೆಗೋಡೆಯ ಮೇಲೆ ಕೂತು ಮಾಂಸದ ಪೈ ತಿಂದವನು.

"ಒಳಗೆ ಇರಬೇಕಾದವನು ಈಗ ನಾನೇ ಅಂತ ತಲೇಲೇ ಬರ್ಲಿಲ್ಲ ಎಫಿ. ಕಾಲು ತಾನಾಗೇ ನಡೀತು."

"ಪೈ ಚೆನ್ನಾಗಿತ್ತಾ?"

"ಸುಮ್ನಿರೇ."

"ಈಗ ಏನ್ ಮಾಡ್ತೀಯ?"

"ಹೋಗಿ ಹೇಳ್ತೀನಿ."

"ಬೂದಿ ಕೊಡವೋ ತನಕ ಮಾತಾಡೋ ಹಾಗಿಲ್ಲ. ಅವರಿಗೇ ಗೊತ್ತಾಗುತ್ತೆ, ನೀನ್ಯಾಕೆ ಮೊದಲೇ ತಲೆ ಕೊಡ್ತೀಯ?"

ಹಾಗೆ ನಾವಿಬ್ಬರೂ ಹೋಗಿ ಬಾಗಿಲ ಬಳಿ ನಿಂತೆವು. ಅಷ್ಟು ಉದ್ದದ ಗಂಟೆಯನ್ನು ನಾನು ಯುದ್ಧದ ಕಾಲದಲ್ಲೂ ಕಂಡಿರಲಿಲ್ಲ. ಚಕ್ಕೆ ಬೇಗ ಉರಿಯುವ ಜಾತಿಯಲ್ಲ. ಮೊದಲ ಕಡ್ಡಿಗೆ ಮೇಲೆದ್ದು ಉಬ್ಬುತ್ತದೆ, ಬೆರಳಲ್ಲಿ ಅದುಮಿ ಇನ್ನೊಂದು ಕಡ್ಡಿ ಗೀರಬೇಕು, ಆಮೇಲೆ ಉಸಿರಾಡಿದಷ್ಟು ನಿಧಾನಕ್ಕೆ ಎಳೆಯಬೇಕು. ಆತುರಪಟ್ಟರೆ ನಾಲಿಗೆ ಸುಡುತ್ತದೆ. ಪರ್ಸಿ ಚಕ್ಕೆಯನ್ನು ಅಂಗೈಯಲ್ಲಿ ಉಜ್ಜಿ ಪುಡಿಮಾಡಿ ತುಂಬಿದ್ದ. ಐಸಾಕ್ ಮಡಿಸಿ ಮಡಿಸಿ ಹಾಗೇ ತುರುಕಿದ್ದರು. ಲ್ಯಾನ್ಸ್ ಎರಡು ಸಲ ಬಾಯಿ ತೆರೆದ, ಎರಡು ಸಲವೂ ಪರ್ಸಿ ಅವನ ಕಾಲು ತುಳಿದ. ನಾನು ಐಸಾಕ್ ಮುಖವನ್ನೇ ನೋಡುತ್ತಿದ್ದೆ. ಹುಬ್ಬು ಗಂಟಿಕ್ಕುವುದೆಂದು ಕಾದೆ. ಗಂಟಿಕ್ಕಲಿಲ್ಲ. ಅರ್ಧ ಪೈಪು ಆದಮೇಲೆ ಕಣ್ಣು ಮುಚ್ಚಿಕೊಂಡರು.

ಕೊನೆಗೆ ಮೂರು ಪೈಪುಗಳೂ ಸಾಸರಿನ ಮೇಲೆ ಕೊಡವಿಸಿಕೊಂಡವು. ಬೂದಿ ತಿಳಿಬೂದು ಬಣ್ಣ, ಕಪ್ಪು ಉಂಡೆ ಒಂದೂ ಇಲ್ಲ.

"ಅಬ್ಬಾ!" ಎಂದ ಲ್ಯಾನ್ಸ್. "ಸೊಗಸಾಗಿದೆ ಕಣ್ರಯ್ಯ. ಇನ್ನೊಂದು ಇದ್ರೆ ಕೊಡಿ, ಕೂಗ್ತೀನಿ ಹರಾಜು!"

"ನನ್ನ ಚಕ್ಕೆ," ಎಂದ ಪರ್ಸಿ. "ಬೀಜ ಹದವಾಗಿ ಕೂತಿದೆ. ಜಾಸ್ತೀನೂ ಇಲ್ಲ, ಕಮ್ಮೀನೂ ಇಲ್ಲ."

ಕ್ಲೆಮ್‌ನ ಕಿವಿ ಕೆಂಪಾಯಿತು.

ಐಸಾಕ್ ಗಂಟಲು ಸರಿಮಾಡಿಕೊಂಡರು. "ನಾನೇ ಒತ್ತಿದ ಹಾಗಿದೆ, ಹುಡುಗಾ. ಒಂದೆಳೆ ಆಚೆ ಈಚೆ ಇಲ್ಲ. ಬೀಜ ಹೊಗೆಯ ಹಿಂದೆ ಬರಬೇಕು, ಮುಂದೆ ಓಡಬಾರದು. ಹಾಗೇ ಬಂದಿದೆ." ಮಿಸ್ ಫಾದರ್‌ಗಿಲ್ ಕಡೆ ತಿರುಗಿದರು. "ಜಾಗ ಇವನಿಗೆ ಕೊಡಿ."

ನಾನು ಕ್ಲೆಮ್‌ನ ಬೆನ್ನಿಗೆ ತಿವಿದೆ. ಸುಮ್ಮನಿರು ಅಂತ. ಸೋಮವಾರ ಇನ್ನೊಂದು ಗಟ್ಟಿ ಒತ್ತಿದರಾಯಿತು, ಯಾರಿಗೂ ಗೊತ್ತಾಗುವುದಿಲ್ಲ. ಅಕ್ಕನ ಬುದ್ಧಿ ಅಷ್ಟೇ ಓಡುತ್ತದೆ. ಅವನು ನನ್ನ ಕೈ ಸರಿಸಿದ.

"ಮೌನ್ಸಿಯವರೇ, ಅದರಲ್ಲಿ ಬೀಜ ಇಲ್ಲ."

"ಏನಿಲ್ಲ?"

"ಬೀಜ. ಹಾಕೋಕೆ ಮರೆತೆ. ಸೀಸೆ ಹಾಗೇ ಇದೆ."

ಲ್ಯಾನ್ಸ್ ಟೈಸನ್‌ಗೆ ಮಾತಾಡುವ ಸ್ವಾತಂತ್ರ್ಯ ಬಂದಿತ್ತು. ಆದರೂ ಖಾಲಿ ಪೈಪನ್ನೇ ಬಾಯಿಗೆ ಸಿಕ್ಕಿಸಿಕೊಂಡ. ಐಸಾಕ್ ಮುಖ ಮೆಲ್ಲಗೆ ಕೆಂಪೇರಿತು.

"ನಲವತ್ತನಾಲ್ಕು ವರ್ಷದ ನಾಲಿಗೆ ಇದು. ನನ್ನ ಬಾಯಲ್ಲಿ ಬೀಜ ಇದೆ ಅಂತ ನಾನು ಹೇಳ್ತಿದ್ದೀನಿ. ಇಲ್ಲ ಅಂತೀಯಾ?"

ನಾನು ಸೀಸೆ ತಂದು ಮೇಜಿನ ಮೇಲಿಟ್ಟೆ. ಅವರು ತಮ್ಮದೇ ಕೈಯ ಅರಗನ್ನು ಉಗುರಿನಿಂದ ಸವರಿದರು. ಬಹಳ ಹೊತ್ತು ಸವರಿದರು. ಆಮೇಲೆ ಸಾಸರಿನ ಮೇಲಿದ್ದ ತಮ್ಮ ಪೈಪನ್ನು ಎತ್ತಿ, ಅದರ ಖಾಲಿ ಬಟ್ಟಲಿಗೆ ಮೂಗು ಇಟ್ಟರು. ಕರ್ರಗಾದ, ಅಂಚು ಸವೆದ ಹಳೆಯ ಮರದ ಪೈಪು. ಅವರ ಮದುವೆಯ ವರ್ಷ ಕೊಂಡದ್ದಂತೆ.

"ಇಲ್ಲಿದೆ ನೋಡು ಬೀಜ," ಎಂದರು ತಣ್ಣಗೆ. "ನಿನ್ನದೂ ಮೂಸು ಪರ್ಸಿ."

ಪರ್ಸಿ ಮೂಸಿದ. ಲ್ಯಾನ್ಸ್ ಮೂಸಿದ. ಮೂವರ ಪೈಪುಗಳೂ ವರ್ಷಗಟ್ಟಲೆ ಒಂದೇ ಚಕ್ಕೆ ಕುಡಿದು ಕುಡಿದು ಬೀಜವನ್ನು ಮರದೊಳಕ್ಕೆ ಇಳಿಸಿಕೊಂಡಿದ್ದವು. ಅವುಗಳಲ್ಲಿ ಒಣ ತರಗೆಲೆ ತುಂಬಿ ಸೇದಿದರೂ ಬೀಜ ಬರುತ್ತಿತ್ತು.

"ಹಾಗಾದ್ರೆ ನಾವು ಇಷ್ಟು ಹೊತ್ತು ರುಚಿ ನೋಡಿದ್ದು ನಮ್ಮ ಪೈಪನ್ನಾ?" ಎಂದ ಲ್ಯಾನ್ಸ್.

"ಹೊಸ ಪೈಪು ಬೇಕು," ಎಂದರು ಐಸಾಕ್. "ಮಣ್ಣಿನದು. ಬಾಯಿ ಮುಟ್ಟಿಸದೇ ಇರೋದು."

ಪರ್ಸಿ ಕುರ್ಚಿಯಲ್ಲಿ ಮಿಸುಕಾಡಿ, ಕೋಟಿನ ಜೇಬಿಗೆ ಕೈ ಹಾಕಿ, ಕಾಗದದ ಪೊಟ್ಟಣ ತೆಗೆದ. ಒಳಗೆ ಬೆಳ್ಳಗೆ, ಉದ್ದ ಕೊಳವೆಯ ಮಣ್ಣಿನ ಪೈಪು. "ಬೆಳಿಗ್ಗೆ ಸಂತೇಲಿ ತಗೊಂಡೆ. ಮೊಮ್ಮಗಳಿಗೆ, ಸಾಬೂನು ಗುಳ್ಳೆ ಊದೋಕೆ."

"ಇತ್ತ ಕೊಡು."

"ಅವಳಿಗೆ ಏನಯ್ಯ ಹೇಳ್ಲಿ?"

"ಐಸಾಕ್ ತಾತ ಗುಳ್ಳೆ ಊದ್ತಿದ್ದಾನೆ ಅನ್ನು."

ಎರಡನೆಯ ಸಲ ಕಡ್ಡಿ ಗೀರಿದರು, ಎರಡನೆಯ ಸಲ ಕೋಣೆ ಮೌನವಾಯಿತು. ಈ ಸಲ ಐಸಾಕ್ ಕಣ್ಣು ಮುಚ್ಚಲಿಲ್ಲ. ನಾಲ್ಕನೆಯ ಎಳೆತಕ್ಕೆ ಹುಬ್ಬು ಗಂಟಿಕ್ಕಿತು. ಮತ್ತೆ ಸಡಿಲಾಯಿತು. ಕ್ಲೆಮ್ ನೆಲ ನೋಡುತ್ತಿದ್ದ. ಅಂಗಳದ ಮೂಟೆಗಳು ಅವನ ಹೆಗಲ ಮೇಲೆ ಆಗಲೇ ಬಂದು ಕೂತಂತೆ ನಿಂತಿದ್ದ. ಐಸಾಕ್ ಪೈಪನ್ನು ತಳದವರೆಗೆ ಸೇದಿದರು. ಕೊನೆಯ ಎಳೆತಕ್ಕೆ "ಹೂಂ" ಎಂದು ನಾಲಿಗೆ ಚಾಚಿ ಹಲ್ಲಿಗೆ ಸವರಿಕೊಂಡು, ಬೂದಿ ಕೊಡವಿದರು.

"ಬೀಜ ಇಲ್ಲ."

ಐಸಾಕ್ ಪೈಪನ್ನು ಸಾಸರಿನ ಮೇಲಿಟ್ಟರು.

"ಎಲೆ ಇದೆ. ಜೇನು ಹಚ್ಚಿದ ರೊಟ್ಟಿ ಸುಟ್ಟ ಹಾಗೆ ಬರುತ್ತೆ, ಅರ್ಧ ಆದಮೇಲೆ ಒಣಹುಲ್ಲು. ಎಲ್ಲೂ ಕಡಿಯಲ್ಲ, ಎಲ್ಲೂ ಆರಿಹೋಗಲ್ಲ. ಒತ್ತಿದ್ದು ಸರಿಯಾಗಿದೆ." ನಾಲಿಗೆಯ ತುದಿ ಮುಟ್ಟಿ ನೋಡಿಕೊಂಡರು. "ಕೊನೇಲಿ ಮಾತ್ರ ನಾಲಿಗೆ ಚುರ್ ಅಂತು. ಹಬೇಲಿ ಎಷ್ಟು ಹೊತ್ತು ಇಟ್ಟೆ?"

"ಐದು ಗಂಟೆ. ನೀವು ಇಡೋ ಹಾಗೇ."

"ನಿಜವಾಗ್ಲೂ ಐದೇ ಗಂಟೆಯಾ?"

"ಗಡಿಯಾರ ನೋಡ್ಕೊಂಡೇ ಕೂತಿದ್ದೆ."

ಐಸಾಕ್ ತಲೆ ಕೆರೆದುಕೊಂಡರು. ಆಮೇಲೆ ಅವರ ಹೊಟ್ಟೆ ಕುಲುಕತೊಡಗಿತು. ನಗುತ್ತಿದ್ದಾರೆಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು, ಯಾಕೆಂದರೆ ಅವರು ನಕ್ಕಿದ್ದನ್ನು ನಾನು ಹೆಚ್ಚು ನೋಡಿಲ್ಲ.

"ಅಲ್ಲಯ್ಯ, ಹಾಗಾದ್ರೆ ನಂದೂ ಚುರ್ ಅಂತಿತ್ತು! ನಲವತ್ತನಾಲ್ಕು ವರ್ಷ! ಬೀಜದ ಕೆಳಗೆ ಮುಚ್ಚಿಹೋಗಿತ್ತು. ಊರಿನವರ ನಾಲಿಗೆ ಎಲ್ಲ ನಾನೇ ಸುಟ್ಟಿದ್ದೀನಿ."

"ಅದಕ್ಕೇ ನಾನು ಕೊನೇ ದಮ್ಮು ಎಳೀತಿರ್ಲಿಲ್ಲ," ಎಂದ ಪರ್ಸಿ.

"ಇಷ್ಟು ವರ್ಷದಲ್ಲಿ ಒಂದು ಮಾತು ಹೇಳಿದ್ಯಾ?"

"ನೀನು ಕೇಳಿದ್ಯಾ?"

ಮಿಸ್ ಫಾದರ್‌ಗಿಲ್ ಕೆಮ್ಮಿದರು. "ಮೌನ್ಸಿಯವರೇ, ನಿಮ್ಮ ತೀರ್ಪು ಏನು? ಲಿವರ್‌ಪೂಲಿಗೆ ಕಾಗದ ಬರೀಬೇಕು."

"ಬರೀರಿ. ಆ ಮನೆ ಹಿಡಿಯೋದು ಬೇಡ ಅಂತ ಬರೀರಿ." ಐಸಾಕ್ ಕ್ಲೆಮ್ ಕಡೆ ತಿರುಗಿದರು. "ನಾನು ಜಾಗ ಇವನಿಗೆ ಅಂತ ಆಗ್ಲೇ ಹೇಳಿದ್ದೆ. ಆದ್ರೆ ಹೇಳಿದ್ದು ನನ್ನ ಪೈಪು. ಈಗ ನಾನು ಹೇಳ್ತಿದ್ದೀನಿ. ಸೋಮವಾರ ಇನ್ನೊಂದು ಒತ್ತು. ಹಬೆ ಅರ್ಧ ಗಂಟೆ ಜಾಸ್ತಿ ಇಡು. ಬೀಜ ಮರೀಬೇಡ."

"ಸೈರನ್ ಆದಾಗ ನಾನೇ ಬಂದು ಅವನ ಕೋಟು ಬಚ್ಚಿಡ್ತೀನಿ," ಎಂದೆ.

"ಬೇಡ," ಎಂದ ಕ್ಲೆಮ್. "ಮೌನ್ಸಿಯವರೇ, ನೀವು ಬೈಯಲ್ಲ ಅಂದ್ರೆ, ನಾನು ಅದನ್ನ ಹನ್ನೊಂದು ಗಂಟೆಗೇ ಹಾಕ್ತೀನಿ. ಬಾಗಿಲು ತೆಗೆದಿಟ್ಟು."

"ಎಲ್ಲರ ಎದುರಿಗಾ?" ಐಸಾಕ್ ಮುಖ ಸಿಂಡರಿಸಿದರು. ನಮ್ಮನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿದರು. "ಹನ್ನೊಂದಕ್ಕೆ ಹಾಕು. ಬಾಗಿಲು ಮಾತ್ರ ಮುಂದಕ್ಕೆ ತಳ್ಳಿರು. ಪೂರ್ತಿ ತೆಗೀಬೇಡ."

ಹೊರಡುವಾಗ ಅವರು ಬೀಜವಿಲ್ಲದ ಚಕ್ಕೆ ಒಂದು ಡಬ್ಬಿ ಕೇಳಿ ತೆಗೆದುಕೊಂಡರು, ಮಣ್ಣಿನ ಪೈಪನ್ನೂ ಜೇಬಿಗೆ ಹಾಕಿಕೊಂಡರು. ಪರ್ಸಿ ಹಿಂದೆಯೇ ಹೋದ. "ಅಯ್ಯಾ, ಅದು ಮಗೂದು ಕಣೋ," ಎಂದು ಅಂಗಳದುದ್ದಕ್ಕೂ ಅವನ ದನಿ ಕೇಳುತ್ತಿತ್ತು.

ಕ್ಲೆಮ್ ಸೋಮವಾರ ಹನ್ನೊಂದಕ್ಕೆ ಸೀಸೆಯ ಅರಗು ಒಡೆದ. ಕೋಣೆಯಲ್ಲೆಲ್ಲ ವಾಸನೆ ಹಬ್ಬಿತು. ಹನ್ನೆರಡರ ಸೈರನ್‌ಗೆ ಅವನೂ ನಾನೂ ಹೊಳೆಗೋಡೆಯ ಮೇಲೆ ಕೂತು ಪೈ ತಿಂದೆವು.

ಆ ಗುರುವಾರ ಕತ್ತರಿಸಿ ಮನೆಗೆ ಬಂದೆ. ಟಿಬಿ ನನ್ನ ತೊಡೆಗೆ ಹಾರಿತು. ಕೈ ಮೂಸಿತು. ಸೀನಿತು. ಬಾಲ ಎತ್ತಿಕೊಂಡು ಕಿಟಕಿಗೆ ಹೋಯಿತು. ನಾನು ಚಹಾವನ್ನು ಅರ್ಧಕ್ಕೇ ಬಿಟ್ಟು, ಮನೆಚಪ್ಪಲಿಯಲ್ಲೇ ಓಣಿ ದಾಟಿ ಕ್ಲೆಮ್‌ನ ಬಾಗಿಲು ಬಡಿದೆ.

"ಏನಾಯ್ತೇ?" ಎಂದ, ಗಾಬರಿಯಿಂದ.

"ಬೆಕ್ಕು ಸೀನ್ತು ಕಣೋ," ಎಂದೆ.