ಎರಡಕ್ಕೆ ಒಂದು

ಹವಾನಾದಲ್ಲಿ ಆಗ ಮನೆ ಮಾರುವಂತಿರಲಿಲ್ಲ, ಕೊಳ್ಳುವಂತಿರಲಿಲ್ಲ. ಬದಲಾಯಿಸಿಕೊಳ್ಳಬಹುದಿತ್ತು, ಅಷ್ಟೆ. ಅದಕ್ಕೇ ಶನಿವಾರ ಬೆಳಗಾಯಿತೆಂದರೆ ಅರ್ಧ ಊರು ಕೊರಳಿಗೆ ರಟ್ಟಿನ ಬೋರ್ಡು ನೇತುಹಾಕಿಕೊಂಡು ಪ್ರಾದೊ ಬೀದಿಯ ಲಾರೆಲ್ ಮರಗಳ ಕೆಳಗೆ ಅಡ್ಡಾಡುತ್ತಿತ್ತು. ಮಂಡಿನೋವಿಗೆ ಮೆಟ್ಟಿಲು ಹತ್ತಲಾರದವರು, ಮೊಮ್ಮಕ್ಕಳು ಹೆಚ್ಚಾಗಿ ಮನೆ ಸಾಲದವರು, ಅತ್ತೆಯ ಬಾಯಿಗೆ ಹೆದರಿದವರು, ಎಲ್ಲರೂ. ಬೇರೆಯಾದ ಗಂಡಹೆಂಡಿರ ಬೋರ್ಡಿನಲ್ಲಿ ಮಾತ್ರ ಒಂದೇ ಸಾಲು: ‘ಒಂದಕ್ಕೆ ಎರಡು’. ನಮ್ಮ ದೊಡ್ಡ ಮನೆ ತಗೊಳ್ಳಿ, ಎರಡು ಚಿಕ್ಕ ಮನೆ ಕೊಡಿ, ನಮ್ಮ ಪಾಡಿಗೆ ನಮ್ಮನ್ನು ಬಿಡಿ ಎಂದು ಅರ್ಥ.

ಅಂಪಾರೊಳ ಬೋರ್ಡಿನಲ್ಲೂ ನಾಲ್ಕು ವರ್ಷದಿಂದ ಅದೇ ಸಾಲಿತ್ತು. ಅವಳ ಮನೆ ಇದ್ದದ್ದು ಪ್ರಾದೊದಲ್ಲೇ, ಮೂರನೇ ಮಹಡಿಯಲ್ಲಿ. ಎರಡಾಳೆತ್ತರದ ಕೋಣೆ, ಚಾವಣಿಯ ತುಂಬ ಗಾರೆಯ ಹೂಬಳ್ಳಿ, ಬಾಲ್ಕನಿಯ ಬಾಗಿಲ ಮೇಲೆ ಅರ್ಧಚಂದ್ರದ ಬಣ್ಣದ ಗಾಜು. ಅದರ ನಟ್ಟನಡುವೆ ಒಂದು ಪ್ಲೈವುಡ್ ಗೋಡೆ. ಆಚೆಗೆ ಎವೆಲಿಯೊ, ಅವಳ ಮಾಜಿ ಗಂಡ. ಗಾಜಿನ ಕೆಂಪು, ನೀಲಿ ಇವಳ ಪಾಲಿಗೆ ಬಂದಿದ್ದವು, ಹಳದಿ, ಹಸಿರು ಅವನ ಪಾಲಿಗೆ. ಬೆಳಗಿನ ಬಿಸಿಲಿಗೆ ಪ್ಲೈವುಡ್ಡಿನ ಲೆಕ್ಕ ತಿಳಿಯುತ್ತಿರಲಿಲ್ಲ. ಅದು ಮನಸ್ಸಿಗೆ ಬಂದ ಕಡೆ ಬಣ್ಣ ಚೆಲ್ಲುತ್ತಿತ್ತು.

ಹನ್ನೆರಡು ವರ್ಷದ ಹಿಂದೆ ಎವೆಲಿಯೊ ಇನ್ನೊಬ್ಬಳ ಹಿಂದೆ ಮತಾನ್ಸಾಸ್‌ಗೆ ಹೋಗಿದ್ದ. ಎಂಟು ತಿಂಗಳಿಗೆ ಮುಖ ಇಳಿಬಿಟ್ಟುಕೊಂಡು ವಾಪಸು ಬಂದ. ಮನೆ ಇಬ್ಬರ ಹೆಸರಿನಲ್ಲೂ ಇತ್ತು, ಅಂಪಾರೊ ಅವನನ್ನು ಬೀದಿಗೆ ನೂಕುವಂತಿರಲಿಲ್ಲ. ವಿಚ್ಛೇದನದ ಕಾಗದ ಬಂದ ದಿನವೇ ಬಡಗಿಯನ್ನು ಕರೆಸಿದಳು. ಅವತ್ತಿನಿಂದ ಅವಳಿಗೆ ಬೇಕಾಗಿದ್ದದ್ದು ಒಂದೇ: ತಾನು ಹಾಕಿದರೆ ಹಾಕಿಕೊಂಡೇ ಇರುವ, ತನ್ನದೇ ಆದ ಒಂದು ಬಾಗಿಲು. ಅದಕ್ಕೆ ಅವನ ಸಹಿಯೂ ಬೇಕಿತ್ತು.

ಬದಲಿ ಮನೆ ಹುಡುಕಲು, ಮನೆಯ ಹಾಗೆ ಬೀದಿಯನ್ನೂ ಇಬ್ಬರೂ ಪಾಲು ಮಾಡಿಕೊಂಡಿದ್ದರು. ಪಾರ್ಕಿನ ಕಡೆಯದು ಇವಳದು, ಸಮುದ್ರದ ಕಡೆಯದು ಅವನದು. ದೂರದಿಂದ ನೋಡಿದಾಗೆಲ್ಲ ಅವನ ಸುತ್ತ ಏಳೆಂಟು ಜನ. ನನ್ನ ಮೇಲಿನ ಸಿಟ್ಟಿಗಾದರೂ ಕಷ್ಟಪಟ್ಟು ಹುಡುಕುತ್ತಿದ್ದಾನಲ್ಲ ಎಂದು ಅಂಪಾರೊ ಸಮಾಧಾನ ಮಾಡಿಕೊಳ್ಳುತ್ತಿದ್ದಳು.

ಆ ಶನಿವಾರ ಎವೆಲಿಯೊ ಕನ್ನಡಕವನ್ನು ಇಬ್ಬರಿಗೂ ಸೇರಿದ ಬಾಲ್ಕನಿಯಲ್ಲೇ ಮರೆತು ಹೋಗಿದ್ದ. ಕಣ್ಣು ಕಾಣದೆ ಯಾವುದಾದರೂ ಹಾಳು ಗೂಡಿಗೆ ಹೂಂ ಅಂದು ಬಂದರೆ ಏನು ಗತಿ? ಅಂಪಾರೊ ಕನ್ನಡಕವನ್ನು ಕೈಚೀಲಕ್ಕೆ ಹಾಕಿಕೊಂಡು, ನಾಲ್ಕು ವರ್ಷದಲ್ಲಿ ಮೊದಲ ಸಲ ಅವನ ಪಾಲಿನ ಬೀದಿಗೆ ಕಾಲಿಟ್ಟಳು.

ನೆರಳೇನೋ ಅದೇ ನೆರಳು. ಎಡಗಡೆ ಕಮಾನುಗಳ ಸಾಲು, ಬಣ್ಣ ಬಳಿಸಿಕೊಂಡು ಸೊಕ್ಕಿ ನಿಂತ ಒಂದು ಹೋಟೆಲು, ಅದರ ಪಕ್ಕದಲ್ಲೇ ಮರದ ಆಸರೆಗಂಬಗಳ ಮೇಲೆ ಉಸಿರು ಹಿಡಿದು ನಿಂತ ಒಂದು ಮಹಲು. ಅದರ ಸೂರಂಚಿನಲ್ಲಿ ಗಿಡ ಹುಟ್ಟಿ, ಬೇರು ಕಂಬದ ಕೆತ್ತನೆಯವರೆಗೂ ಇಳಿದಿತ್ತು. ಮನೆ ನೋಡಿ ನೋಡಿ ಬೇಡ ಅನ್ನುವುದು ಅಭ್ಯಾಸವಾಗಿದ್ದ ಅಂಪಾರೊ ಅದಕ್ಕೂ ಮನಸ್ಸಿನಲ್ಲೇ ಬೇಡ ಅಂದಳು.

ಸಮುದ್ರದ ಕಡೆಯ ಕಂಚಿನ ಸಿಂಹಗಳ ಹತ್ತಿರ ಅಮೃತಶಿಲೆಯ ಬೆಂಚಿನ ಮೇಲೆ ಮೈತುಂಬಿದ ಹೆಂಗಸೊಬ್ಬಳು ಬೀಸಣಿಗೆ ಬೀಸಿಕೊಳ್ಳುತ್ತಿದ್ದಳು. ಅವಳ ಪಕ್ಕ ಒಂದೇ ಥರದ ಎರಡು ಬೋರ್ಡು: ‘ಎರಡಕ್ಕೆ ಒಂದು’.

ಹೆಂಗಸು ಅಂಪಾರೊಳ ಬೋರ್ಡು ಓದಿದ್ದೇ ಎದ್ದು ನಿಂತಳು. “ಅಯ್ಯೋ ನಮ್ಮಮ್ಮಾ, ಒಂದಕ್ಕೆ ಎರಡಾ? ಎಲ್ಲಿದ್ರಿ ಅಕ್ಕಾ ಇಷ್ಟ್ ದಿನ? ನಾನು ಮಿಗ್ಡಾಲಿಯಾ. ನನ್ನ ಹತ್ರ ಎರಡಿವೆ. ಒಂದು ಇಲ್ಲೇ ಹಿಂದಿನ ಬೀದೀಲಿ, ನೆಲಮಾಳಿಗೆ ಅಲ್ಲ, ನೆಲದ ಮೇಲೇ, ಚಿಕ್ಕ ಅಂಗಳಾನೂ ಇದೆ. ಇನ್ನೊಂದು ರೆಗ್ಲಾದಲ್ಲಿ, ಲಾಂಚಲ್ಲಿ ಕೊಲ್ಲಿ ದಾಟಿದ್ರೆ ಆಯ್ತು. ಇಬ್ಬರು ಗಂಡು ಮಕ್ಳು, ಇಬ್ಬರು ಸೊಸೇರು. ಎಲ್ರೂ ಒಂದೇ ಸೂರಿನ ಕೆಳಗೆ ಇರ್ಬೇಕು ಅಂತ ನನ್ ಆಸೆ.”

“ಸೊಸೇರ ಆಸೆ ಏನಂತೆ?”

“ಅವರನ್ನ ಯಾರು ಕೇಳಿದ್ರು?” ಮಿಗ್ಡಾಲಿಯಾ ಬೆಂಚೇ ಅಲುಗುವ ಹಾಗೆ ನಕ್ಕಳು.

ಅಂಗಳದ ಮನೆ, ಹಿಂದಿನ ಬೀದಿಯಲ್ಲೇ! ಅಂಪಾರೊ ಕೇಳಿದಳು, “ಈ ಇನ್ನೊಂದು ಬೋರ್ಡು ಯಾರದು?”

“ಎವೆಲಿಯೊನದು. ನಾಲ್ಕು ವರ್ಷದಿಂದ ಇಲ್ಲೇ ಕೂರ್ತಾನೆ, ಕಡಲೇಕಾಯಿ ತರೋಕೆ ಹೋಗಿದಾನೆ. ಪಾಪ, ಅವನದೂ ನನ್ನ ಥರಾನೇ. ಹೆಂಡ್ತಿ ಒಂದು ಮನೇಲಂತೆ, ಇವನು ಒಂದು ಮನೇಲಂತೆ. ಎರಡೂ ಕೊಟ್ಟು ಒಂದು ತಗೊಂಡು ಜೊತೇಲಿರ್ಬೇಕು ಅಂತಾನೆ. ಊರಲ್ಲಿ ಗಂಡ ಬಿಟ್ಟೋರು, ಹೆಂಡ್ತಿ ಬಿಟ್ಟೋರೆಲ್ಲ ಇವನಿಗೇ ಮುತ್ಕೋತಾರೆ. ಕಥೆ ಎಲ್ಲ ಕೇಳ್ತಾನೆ, ಕೊನೆಗೆ ‘ನಿಮ್ಮ ಮನೆ ನಮಗೆ ಆಗ್ಬರಲ್ಲ’ ಅಂದು ಕಳಿಸ್ತಾನೆ.”

ಅಷ್ಟರಲ್ಲಿ ಎವೆಲಿಯೊ ಎರಡು ಕಾಗದದ ಪೊಟ್ಟಣ ಹಿಡಿದು ಬಂದ. ಕನ್ನಡಕವಿಲ್ಲದ್ದರಿಂದ ತೀರ ಹತ್ತಿರ ಬರುವವರೆಗೂ ಅವನಿಗೆ ಅದು ಅಂಪಾರೊ ಎಂದು ಗೊತ್ತಾಗಲಿಲ್ಲ. ಗೊತ್ತಾದಾಗ ಮುಖ ಬಿಳಿಚಿಕೊಂಡಿತು.

“ಏನಿದು?” ಅಂಪಾರೊ ಅವನ ಬೋರ್ಡು ಎತ್ತಿ ಹಿಡಿದಳು.

“ಕನ್ನಡಕ ಇರ್ಲಿಲ್ಲ, ಬರೆಯೋವಾಗ…”

“ನಾಲ್ಕು ವರ್ಷ ಇರ್ಲಿಲ್ವಾ?”

“ಮೂವತ್ತೆಂಟು ವರ್ಷ ಪ್ರೆಸ್ಸಲ್ಲಿ ಅಚ್ಚಿನ ಮೊಳೆ ಜೋಡಿಸ್ದೋನು. ಎಲ್ಲ ತಿರುಗಾಮುರುಗಾ ಓದೀನೇ ಅಭ್ಯಾಸ.”

“ಆ ಮೂವತ್ತೆಂಟು ವರ್ಷದಲ್ಲಿ ನಿನ್ನ ಕೈಯಿಂದ ಒಂದಕ್ಷರ ತಪ್ಪಿದ್ದಿಲ್ಲ. ನನ್ ಹತ್ರ ಆಟ ಆಡ್ಬೇಡ. ಬೋರ್ಡು ಮನೇಗೂ ತರ್ತಿರ್ಲಿಲ್ಲ ನೀನು. ಕ್ಷೌರದಂಗಡೀಲಿ ಬಿಟ್ಟು ಬರ್ತೀನಿ, ಹೊರೋಕೆ ಭಾರ ಅಂತಿದ್ದೆ. ರಟ್ಟು!”

ಎವೆಲಿಯೊ ಪೊಟ್ಟಣ ಎರಡನ್ನೂ ಮಿಗ್ಡಾಲಿಯಾಳ ಕೈಗೆ ಕೊಟ್ಟ. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತ.

“ನನಗೆ ಆ ಮನೆ ಬಿಡೋಕೆ ಆಗಲ್ಲ ಅಂಪಾರೊ. ಮನೆ ಅಂದ್ರೆ ಗಾರೆ, ಗಾಜು ಅಲ್ಲ. ಆಚೆ ಕಡೆ ನೀನು ಹೊಲಿಗೆ ಮಷೀನು ತುಳಿಯೋದು ಕೇಳಿದ್ರೇನೇ ನನಗೆ ಬೆಳಗಾಗೋದು. ಕೇಳೋ ಮುಖ ಇರ್ಲಿಲ್ಲ. ಬೋರ್ಡಲ್ಲಿ ಬರ್ಕೊಂಡೆ.”

ಅಂಪಾರೊಗೆ ಸಿಟ್ಟಿತ್ತು, ನಿಜ. ಇವನು ತನ್ನ ನಾಲ್ಕು ವರ್ಷ ತಿಂದ. ಆದರೆ ಆ ರಟ್ಟಿನ ಮೇಲಿನ ಅಕ್ಷರ ಎಷ್ಟು ದುಂಡಗಿತ್ತು! ಮದುವೆಯ ಕರೆಯೋಲೆಯನ್ನು ಅವನೇ ಜೋಡಿಸಿ ಅಚ್ಚು ಹಾಕಿದ್ದು ನೆನಪಾಯಿತು. ಅವನ ಮೇಲೆ ಮರುಕ ಬಂತು. ಜೊತೆಗೇ ತನ್ನ ಮೇಲೂ ಬಂತು, ಆಗ ಅವಳು ಗಟ್ಟಿಯಾದಳು.

“ನನಗೊಂದು ಬಾಗಿಲು ಬೇಕು ಎವೆಲಿಯೊ. ಪ್ಲೈವುಡ್ಡಿನಾಚೆ ನೀನು ಕೆಮ್ಮಿದಾಗೆಲ್ಲ ಶುಂಠಿ ಕುದಿಸ್ಕೊಡ್ಲೋ ಬೇಡ್ವೋ ಅಂತ ಹನ್ನೊಂದು ವರ್ಷ ಎದ್ದು ಕೂತಿದೀನಿ. ಕೊಟ್ರೆ ನನಗೆ ಸಿಟ್ಟು, ಕೊಡದಿದ್ರೆ ನಿದ್ದೆ ಇಲ್ಲ. ಸಾಕಾಗಿದೆ ನನಗೆ.”

ಮಿಗ್ಡಾಲಿಯಾ ಕಡಲೇಕಾಯಿ ಅಗಿಯುವುದನ್ನೂ ನಿಲ್ಲಿಸಿದ್ದಳು.

“ಅಂಗಳ ಇರೋದು ನೀನ್ ತಗೋ,” ಎಂದ ಎವೆಲಿಯೊ ಕೊನೆಗೆ. “ಪ್ರಾದೊ ಮರಗಳು ಹತ್ರ ಇರುತ್ವೆ. ನಾನು ರೆಗ್ಲಾಗೆ ಹೋಗ್ತೀನಿ. ಸಹಿ ಎಲ್ಲಿ ಹಾಕ್ಬೇಕೋ ಹೇಳು.”

ಪ್ರಾದೊ ಬಿಟ್ಟು ಅವನು ಒಂದು ವಾರವೂ ಇದ್ದವನಲ್ಲ, ಮತಾನ್ಸಾಸ್‌ನ ಎಂಟು ತಿಂಗಳು ಬಿಟ್ಟರೆ. ಅಂಪಾರೊಗೆ ಅದು ಗೊತ್ತಿತ್ತು. ಬೇಡ ಅನ್ನಬೇಕೆಂದು ಬಾಯಿ ತೆರೆದವಳು ಅನ್ನಲಿಲ್ಲ. ಅಂಗಳ ಅವಳಿಗೆ ಬೇಕಿತ್ತು.

ಮನೆ ನೋಡಲು ಮೂವರೂ ಹೊರಟರು. ಮಿಗ್ಡಾಲಿಯಾ ಸಂಭ್ರಮದಲ್ಲಿ ಹತ್ತು ಹೆಜ್ಜೆ ಮುಂದೆ. ಹಿಂದೆ ಇವರಿಬ್ಬರು ಒಂದೇ ನೆರಳಿನಲ್ಲಿ ನಡೆದರು. ಅಂಪಾರೊ ಕನ್ನಡಕ ತೆಗೆದು ಕೊಟ್ಟಳು, ಅವನು ಹಾಕಿಕೊಂಡು ಕಮಾನುಗಳನ್ನೆಲ್ಲ ಒಂದೊಂದಾಗಿ ನೋಡುತ್ತ ಬಂದ, ನಾಳೆ ಯಾರೋ ಅವನ್ನು ಎತ್ತಿಕೊಂಡು ಹೋಗುತ್ತಾರೇನೋ ಅನ್ನುವ ಹಾಗೆ.

“ರೆಗ್ಲಾದಿಂದ ಶನಿವಾರ ಲಾಂಚು ಎಷ್ಟೊತ್ತಿಗೆ?” ಎಂದು ಕೇಳಿದಳು.

“ಯಾಕೆ? ಮನೆ ಸಿಕ್ತಲ್ಲ. ಇನ್ನು ಶನಿವಾರ ಇಲ್ಲೇನು ಕೆಲಸ?”

“ಕೆಲಸ ಏನಿಲ್ಲ. ನಡೆಯೋಕೆ.”

ಎವೆಲಿಯೊ ನಿಂತುಬಿಟ್ಟ.

“ಬೆಳಿಗ್ಗೆ ಏಳಕ್ಕೆ,” ಎಂದ. ಎರಡು ಹೆಜ್ಜೆ ಮುಂದೆ ಹೋಗಿದ್ದ ಅವಳ ಹಿಂದೆ ಓಡುನಡಿಗೆಯಲ್ಲಿ ಬಂದು, “ಆರಕ್ಕೂ ಒಂದಿದೆ,” ಎಂದ.